ಸರಳು ನೋಡುವ ಶಾಸ್ತ್ರ

ಬಂದಳು! ನನ್ನ ಮೊಮ್ಮಗಳು ಮನೆಗೆ ಬಂದಳು! ಮೊನ್ನೆ ಶನಿವಾರ ಮಧ್ಯಾಹ್ನ, ತಲೆ ತುಂಬ ಕರಿಕೂದಲು, ಬೆರಳಿನ ತುದಿಗೆ ಅಕ್ಕಿನುಚ್ಚಿನಂಥ ಉಗುರು, ಬೆಚ್ಚಗೆ ಸುತ್ತಿದ ಬಟ್ಟೆಯೊಳಗೆ ಹುಡುಕಿ ನೋಡಬೇಕಾದಷ್ಟು ಪುಟ್ಟ ಮುಖ, ನನ್ನ ತೋಳಿನ ಮೇಲೇ ನಮ್ಮ ಆಂಟಾಪ್ ಹಿಲ್ಲಿನ ಬಿಲ್ಡಿಂಗಿನ ಮೆಟ್ಟಿಲೆಲ್ಲ ಹತ್ತಿ ಬಂದಳು. ಮಗುವನ್ನು ಹೊತ್ತು ತರುವವಳೂ ನಾನೇ ಆಗಬೇಕು, ಹೊಸಿಲಲ್ಲಿ ಆರತಿ ಎತ್ತುವವಳೂ ನಾನೇ ಆಗಬೇಕು. ಎರಡಕ್ಕೂ ಆಸೆ. ಅದಕ್ಕೆ ಮಗುವನ್ನು ಒಳಗೆ ತಂದು, ಸೊಸೆಯ ಕೈಗೆ ಕೊಟ್ಟು, ಇಬ್ಬರನ್ನೂ ಮತ್ತೆ ಹೊರಗೆ ಕಳಿಸಿ, ಆರತಿ ಎತ್ತಿ ಒಳಗೆ ಕರೆದೆ. ಎದುರು ಮನೆಯ ಮರಾಠಿ ಹೆಂಗಸು ಬಾಗಿಲಲ್ಲಿ ನಿಂತು ನಕ್ಕಳು. ನಗಲಿ. ಅವಳಿಗೆ ಐದು ಮೊಮ್ಮಕ್ಕಳು. ನನಗೆ ಇದು ಮೊದಲನೆಯದು, ಅದೂ ಇಷ್ಟು ವರ್ಷ ಕಾಯಿಸಿ ಬಂದದ್ದು.

ಇಂಥ ಸುದ್ದಿ ಹೇಳುವಾಗ ಒಂದು ಕಬ್ಬಿಣದ ಸರಳಿನ ಮಾತು ಎತ್ತಬೇಕಾಗಿ ಬಂದಿದೆಯಲ್ಲ, ಅದಕ್ಕೆ ನನ್ನ ಮಗನೇ ಹೊಣೆ. ಒಂದಲ್ಲ, ಎರಡು ಸರಳು. ಒಂದು ತಿಂಗಳಿನಿಂದ ನಮ್ಮ ಮನೆಯಲ್ಲಿ ಅವೆರಡರದೇ ದರ್ಬಾರು.

ನಮ್ಮ ರಮೇಶ ಅಂಧೇರಿಯ ಒಂದು ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡುತ್ತಾನೆ. ಒಳ್ಳೆಯವನು, ಗಟ್ಟಿಯಾಗಿ ಮಾತಾಡಿದವನಲ್ಲ. ಕಳೆದ ವರ್ಷ ಯಾರೋ ಓಡಿಸಿ ಬಿಟ್ಟಿದ್ದ ಒಂದು ಕೆಂಪು ಕಾರು ತಂದ. ಅದಕ್ಕೆ ಡಿಕ್ಕಿ ಅನ್ನುವುದೇ ಇಲ್ಲ, ಬೆನ್ನಿಗೇ ಒಂದು ಬಾಗಿಲು. ಬಾಲ ಕತ್ತರಿಸಿದ ನಾಯಿಯ ಹಾಗೆ ಮೊಂಡಾಗಿ ನಿಲ್ಲುತ್ತದೆ. ತಂದವನು ಓಡಿಸಿಕೊಂಡಿರಬೇಕೋ ಬೇಡವೋ? ಅದರ ಮೈಗೆ ಬಿಳಿ ಪಟ್ಟೆ ಬಳಿಸಿದ. ಹೊಗೆ ಬಿಡುವ ಕೊಳವೆಯನ್ನು ದಪ್ಪದ್ದಕ್ಕೆ ಬದಲಾಯಿಸಿದ. ಅಂದಿನಿಂದ ಅದು ಬಿಲ್ಡಿಂಗಿನ ಗೇಟು ದಾಟುವಾಗ ಕೆಮ್ಮುವ ಕೆಮ್ಮಿಗೆ ಕೆಳಗಿನ ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ. ಇದಕ್ಕೆ ಇವನು ‘ಸ್ಪೋರ್ಟಿ’ ಅನ್ನುತ್ತಾನೆ. ಕೆಮ್ಮಿದರೆ ಸ್ಪೋರ್ಟಿ ಆಗುವುದಾದರೆ ನಮ್ಮವರು ಚಳಿಗಾಲದಲ್ಲಿ ದಿನವೂ ಕಪ್ಪು ಗೆಲ್ಲಬೇಕಿತ್ತು.

ಆಮೇಲೆ ಶುರುವಾದದ್ದು ಈ ಸರಳಿನ ಹುಚ್ಚು. ಸ್ಟ್ರಟ್ ಬ್ರೇಸ್ ಅಂತ ಅದರ ಹೆಸರು. ನಾಲಿಗೆ ತಿರುಚಿಕೊಂಡು ಕಲಿತಿದ್ದೇನೆ, ಬೈಯಬೇಕಾದರೆ ಹೆಸರು ಗೊತ್ತಿರಬೇಕಲ್ಲ. ಅದು ಏನು, ಯಾಕೆ ಎಂದು ತಿಳಿಸಲು ರಮೇಶ ಒಂದು ದಿನ ನನ್ನನ್ನೂ ಅವನ ಅಪ್ಪನನ್ನೂ ಹಾಲಿನಲ್ಲಿ ಎದುರುಬದುರು ನಿಲ್ಲಿಸಿದ. ಸರಳಿನ ಒಂದು ತುದಿ ನನ್ನ ಹೆಗಲಿಗೆ, ಇನ್ನೊಂದು ತುದಿ ಅವರ ಹೆಗಲಿಗೆ.

“ಅಮ್ಮ, ಕಾರಿನ ಮುಂದಿನ ಎರಡು ಚಕ್ರದ ಮೇಲೆ ಒಂದೊಂದು ಕಂಬ ಇರತ್ತೆ, ಬಾನೆಟ್ ಒಳಗೆ. ನೀನೊಂದು ಕಂಬ, ಅಪ್ಪ ಒಂದು ಕಂಬ ಅಂದ್ಕೋ. ಸ್ಪೀಡಾಗಿ ತಿರುಗಿಸಿದಾಗ ನೀವು ಒಬ್ಬರ ಕಡೆ ಒಬ್ಬರು ವಾಲ್ತೀರಿ. ಮಧ್ಯ ಈ ಬ್ರೇಸ್ ಇದ್ರೆ ವಾಲಲ್ಲ. ಕಾರು ಹೇಳಿದ ಮಾತು ಕೇಳತ್ತೆ.”

“ಇಷ್ಟು ವರ್ಷ ನಾವಿಬ್ಬರೂ ಯಾವ ಸರಳೂ ಇಲ್ಲದೆ ವಾಲದೇ ನಿಂತಿಲ್ವೇನೋ?” ಎಂದೆ.

“ನೀನು ವಾಲಿಲ್ಲ ಕಣೇ, ನಾನು ವಾಲಿದ್ದೇ ಗೊತ್ತಾಗಲಿಲ್ಲ ನಿನಗೆ” ಎಂದರು ನಮ್ಮವರು. ನಕ್ಕ ರಭಸಕ್ಕೆ ಅವರ ಕಡೆಯ ತುದಿ ಜಾರಿ ಕಾಲ್ಬೆರಳಿನ ಮೇಲೆ ಬಿತ್ತು. ಎರಡು ದಿನ ಕುಂಟಿದರು. ಕಾರಿಗೆ ಹತ್ತುವ ಮೊದಲೇ ಸರಳಿನ ಪ್ರತಾಪ ಅಷ್ಟು.

ಈ ಊರಿನ ಯಾವ ಅಂಗಡಿಯಲ್ಲೂ ಅಂಥದ್ದು ಸಿಗುವುದಿಲ್ಲವಂತೆ. ಸಿಗದಿದ್ದರೆ ಬಿಡಬೇಕು. ಇವರು ಬಿಟ್ಟಾರೆಯೇ? ಇವನ ಜೊತೆಗೆ ಫ್ರಾನ್ಸಿಸ್ ಎಂಬ ಗೆಳೆಯನೊಬ್ಬನಿದ್ದಾನೆ. ಮಂಗಳೂರಿನ ಕಡೆಯವರ ಮಗ, ಹುಟ್ಟಿ ಬೆಳೆದದ್ದು ಸಾಂತಾಕ್ರೂಜಿನಲ್ಲಿ. ಅವನ ಅಣ್ಣ ಹಡಗಿನಲ್ಲಿ ಕೆಲಸ ಮಾಡುವವನು ಸಿಂಗಾಪುರದಿಂದ ಒಂದು ಸರಳು ತಂದುಕೊಟ್ಟ. ಅಲ್ಯುಮಿನಿಯಂದು, ಬೆಳ್ಳಗೆ ಹೊಳೆಯುತ್ತಿತ್ತು, ಎತ್ತಿದರೆ ಕೈಗೆ ಭಾರವೇ ಇಲ್ಲ. ಅದು ಸಾಲದೆಂದು ಕುರ್ಲಾದ ಗಲ್ಲಿಯೊಂದರಲ್ಲಿ ವೆಲ್ಡಿಂಗ್ ಮಾಡಿಸಿ ಇನ್ನೊಂದು ತಂದರು. ಕಬ್ಬಿಣದ್ದು, ಕಪ್ಪು, ರಾಗಿ ಮುದ್ದೆಯ ಕೋಲಿಗೆ ಗರಡಿ ಮನೆಯಲ್ಲಿ ಸಾಮು ಕಲಿಸಿದ ಹಾಗಿತ್ತು. ಎರಡೂ ಹೆಚ್ಚುಕಡಿಮೆ ಒಂದು ಗಜ ಉದ್ದ. ಎರಡರ ತುದಿಗೂ ತೂತುಬಿದ್ದ ತಗಡಿನ ಪಾದ. ಎರಡೂ ಬಂದು ನಮ್ಮ ಹಾಲಿನಲ್ಲಿ ಹಳೆ ಪೇಪರಿನ ಮೇಲೆ ಪಕ್ಕಪಕ್ಕ ಮಲಗಿದವು. ನಾನು ಕಸ ಗುಡಿಸುವಾಗ ಅವುಗಳಿಗೆ ಸುತ್ತು ಹಾಕಿಕೊಂಡು ಹೋಗಬೇಕು.

ಇನ್ನು ದಿನವೂ ಸಂಜೆ ಸರಳು ನೋಡುವ ಶಾಸ್ತ್ರ. ಫ್ರಾನ್ಸಿಸ್ ಬರುವುದು, ಚಪ್ಪಲಿ ಬಿಡುವುದು, ಮಂಡಿಯೂರಿ ಕೂರುವುದು. ನಾನು ಕಾಫಿ ತಂದುಕೊಡುವುದು.

“ಕಪ್ಪು ಸ್ಟ್ರಾಂಗ್ ಉಂಟು ಮಾರಾಯ” ಎಂದು ಅವನು.

“ಭಾರ ಜಾಸ್ತಿ ಅಲ್ವಾ? ಮುಂದೆ ಭಾರ ಆದ್ರೆ ಮೂಗು ತಗ್ಗತ್ತೆ” ಎಂದು ಇವನು.

“ಬಿಳಿಯದು ನೋಡೋಕೆ ಲಕ್ಷಣವಾಗಿದೆ” ಎಂದು ನಮ್ಮವರು ಪೇಪರಿನ ಹಿಂದಿನಿಂದ. ಅವರಿಗೆ ಸೈಕಲ್ಲಿಗೆ ಗಾಳಿ ಹೊಡೆಯಲೂ ಬರುವುದಿಲ್ಲ.

“ಲಕ್ಷಣ ಅಲ್ಲ ಅಂಕಲ್, ವೆಲ್ಡಿಂಗ್ ನೋಡ್ಬೇಕು. ಜಾಯಿಂಟ್ ಇರೋದು ಬಗ್ತದೆ. ಸಿಂಗಲ್ ಪೀಸ್ ಬಗ್ಗೂದಿಲ್ಲ.”

ನನಗೆ ಮೈ ಉರಿಯುತ್ತಿತ್ತು. ಯಾಕೆಂದರೆ ಇದೇ ಮಾತುಗಳನ್ನು ನಾನು ಹಿಂದೆ ಒಮ್ಮೆ ಕೇಳಿದ್ದೇನೆ. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನನ್ನನ್ನು ನೋಡಲು ಬಂದಾಗ ನಮ್ಮವರ ಸೋದರತ್ತೆ ನನ್ನನ್ನು ಗೋಡೆಯಿಂದ ಗೋಡೆಗೆ ನಡೆಸಿ, ಸೂಜಿಗೆ ದಾರ ಪೋಣಿಸಲು ಹೇಳಿ, ಕೊನೆಗೆ “ಬಣ್ಣ ಕಮ್ಮಿ, ಮೂಳೆ ಗಟ್ಟಿ” ಎಂದು ನನ್ನೆದುರಿಗೇ ತೀರ್ಪು ಕೊಟ್ಟಿದ್ದರು. ಆದರೂ ಆ ಮಹಾತಾಯಿ ಒಂದು ತಟ್ಟೆ ಉಪ್ಪಿಟ್ಟು ಮುಗಿಯುವುದರೊಳಗೆ ಮುಗಿಸಿದ್ದರು. ನನ್ನ ಮಗ ಗೀತಾಳನ್ನು ನೋಡಲು ಮೈಸೂರಿಗೆ ಹೋದಾಗ ಇನ್ನೂ ಬೇಗ, ಕಾಫಿ ಆರುವ ಮೊದಲೇ ಒಪ್ಪಿಬಿಟ್ಟಿದ್ದ. ಬದುಕಿಡೀ ಜೊತೆಗಿರುವ ಹೆಂಡತಿಗೆ ಅರ್ಧ ಲೋಟ ಕಾಫಿ, ಬಾನೆಟ್ಟಿನೊಳಗೆ ಯಾರ ಕಣ್ಣಿಗೂ ಬೀಳದೆ ಕೂರುವ ಸರಳಿಗೆ ಒಂದು ತಿಂಗಳು! ಇದನ್ನು ಅವನ ಮುಖಕ್ಕೇ ಹೇಳಿದೆ.

“ಹೆಂಡತಿ ಬಗ್ಗಲ್ಲ ಅಂತ ನೋಡಿದ ಕೂಡಲೇ ಗೊತ್ತಾಯ್ತಮ್ಮ” ಎಂದ. ಗೀತಾ ಅಡುಗೆಮನೆಯಲ್ಲಿ ಪಾತ್ರೆ ಜೋರಾಗಿ ಇಟ್ಟಳು. ನಕ್ಕಳೋ ಸಿಟ್ಟಾದಳೋ ತಿಳಿಯಲಿಲ್ಲ.

ಸಿಟ್ಟಾಗಲು ಕಾರಣವಿತ್ತು. ಸರಳೆಲ್ಲ ಯಾತಕ್ಕೆ ಅನ್ನುತ್ತೀರಿ? ಒಂದು ಭಾನುವಾರ ಬೆಳಿಗ್ಗೆ ಇವನೂ ಫ್ರಾನ್ಸಿಸನೂ ಇನ್ನಷ್ಟು ಇಂಥವರೂ ಸೇರಿ, ಒಬ್ಬರ ಹಿಂದೆ ಒಬ್ಬರು ಘಾಟಿಯ ರಸ್ತೆ ಹತ್ತುವುದಂತೆ. ಯಾರು ಬೇಗ ಹತ್ತಿದರು ಎಂದು ಒಬ್ಬ ಗಡಿಯಾರ ಹಿಡಿದು ನೋಡುವುದಂತೆ. ಒಂದು ಕಡೆ ಬಂಡೆ, ಒಂದು ಕಡೆ ಕಣಿವೆ, ಎದುರಿಗೆ ಲಾರಿ. ಆ ಭಾನುವಾರ ಎಂದರೆ ನಾನು ಹೇಳುತ್ತಿರುವ ಶನಿವಾರದ ಮಾರನೆಯ ದಿನ. ಗೀತಾ ಬೇಡ ಎನ್ನಲಿಲ್ಲ. ಅವಳದು ಹಾಗೆಯೇ, ಬೇಡ ಎನ್ನಬೇಕಾದ ಕಡೆ ಸುಮ್ಮನಾಗಿಬಿಡುತ್ತಾಳೆ. ಆ ಮಾತು ಬಂದಾಗಲೆಲ್ಲ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ನಾನು ಬಾಯಿಬಿಟ್ಟು ಬೇಡ ಎಂದೆ. ನನ್ನ ಮಾತು ಯಾರಿಗೆ ಬೇಕು? ಬ್ರೇಸ್ ಹಾಕಿದ ಮೇಲೆ ಭಯವಿಲ್ಲವಂತೆ.

ಮಗುವಿಗೆ ಮಾತ್ರ ಏನೂ ತಂದಿರಲಿಲ್ಲ. ತರಲು ನಾನೇ ಬಿಟ್ಟಿರಲಿಲ್ಲ ಅನ್ನಿ. ಹುಟ್ಟುವ ಮೊದಲೇ ಒಂದು ಟೋಪಿಯನ್ನೂ ಹೊಲಿಯಬಾರದು ಎಂಬುದು ನಮ್ಮಲ್ಲಿ ಪದ್ಧತಿ. ತೊಟ್ಟಿಲು ಬರಬೇಕಾದದ್ದು ಸೊಸೆಯ ತವರಿನಿಂದ, ಅದೂ ನಾಮಕರಣಕ್ಕೆ. ಗೀತಾ ಚೊಚ್ಚಲ ಹೆರಿಗೆಗೆಂದು ಮೈಸೂರಿಗೆ ಹೊರಡಲು ಟಿಕೆಟ್ಟೂ ಆಗಿತ್ತು. ನನ್ನ ಮೊಮ್ಮಗಳಿಗೆ ಅಷ್ಟು ತಾಳ್ಮೆ ಎಲ್ಲಿಯದು? ತಿಂಗಳು ತುಂಬುವ ಮೊದಲೇ ಬಂದುಬಿಟ್ಟಳು. ಸಾಂತಾಕ್ರೂಜಿನ ನರ್ಸಿಂಗ್ ಹೋಮಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೆಚ್ಚಗೆ ಸಾಕಿದರು. ನಾನು ದಿನವೂ ಲೋಕಲ್ ಹತ್ತಿ ಹೋಗಿ ಗಾಜಿನ ಈಚೆಯಿಂದ ನೋಡಿ ಬರುತ್ತಿದ್ದೆ. ಗೀತಾಗೆ ಕೊಂಡೊಯ್ದ ಅನ್ನದ ಡಬ್ಬಿ ಹಾಗೆಯೇ ಮರಳಿ ಬರುತ್ತಿತ್ತು. ಗಂಟಲಲ್ಲಿ ಇಳಿಯುವುದಿಲ್ಲ ಅತ್ತೆ, ಎನ್ನುತ್ತಿದ್ದಳು.

ಸೋಮವಾರ ಮನೆಗೆ ಕಳಿಸುತ್ತೇವೆ ಎಂದಿದ್ದ ಡಾಕ್ಟರು ಶನಿವಾರವೇ ಕರೆದುಕೊಂಡು ಹೋಗಿ ಎಂದರು. ಸರಿ, ಕಾರಿದೆಯಲ್ಲ? ಇಲ್ಲ! ಶನಿವಾರ ಸಂಜೆ ಸರಳು ಕೂರಿಸಬೇಕೆಂದು ಇವರಿಬ್ಬರೂ ಹಿಂದಿನ ದಿನವೇ ಬಾನೆಟ್ಟಿನೊಳಗಿನ ನಟ್ಟುಗಳನ್ನು ಬಿಚ್ಚಿ ತಂದು, ಸೀಮೆಎಣ್ಣೆಯಲ್ಲಿ ತೊಳೆದು, ಸರಳುಗಳ ಪಕ್ಕ ಪೇಪರಿನ ಮೇಲೆ ಸಾಲಾಗಿ ಇಟ್ಟಿದ್ದರು. ಆಟೋದವರು ಸಯನ್ ದಾಟಿ ಈ ಕಡೆ ಬರುವುದಿಲ್ಲ. ಮನೆಮುಂದೆ ಸ್ಪೋರ್ಟಿ ಕಾರು ನಿಂತಿರಲು ನನ್ನ ಮೊಮ್ಮಗಳು ಕಪ್ಪು-ಹಳದಿ ಟ್ಯಾಕ್ಸಿಯಲ್ಲಿ ಬಂದಳು. ಮುದುಕ ಡ್ರೈವರು ಒಂದೊಂದು ಹಳ್ಳಕ್ಕೂ ಬ್ರೇಕು ಹಾಕಿ, “ಸಂಭಾಲ್ಕೇ ಮಾಜೀ, ಬಚ್ಚಾ ಹೈ” ಎನ್ನುತ್ತ ಕೋಳಿಮರಿ ನಡೆಸಿದಂತೆ ನಡೆಸಿಕೊಂಡು ಬಂದ. ಅವನ ಟ್ಯಾಕ್ಸಿಯಲ್ಲಿ ಯಾವ ಬ್ರೇಸೂ ಇರಲಿಲ್ಲ.

ಮನೆಗೆ ಬಂದದ್ದೇ ಮಗು ಅಳಲು ಹಿಡಿಯಿತು. ಚಾಪೆಯ ಮೇಲೆ ಮಲಗಿಸಿದರೆ ಅಳು, ಎತ್ತಿಕೊಂಡರೆ ಅಳು. ಗಾಜಿನ ಪೆಟ್ಟಿಗೆಯ ಬಿಸುಪಿಗೆ ಅಭ್ಯಾಸವಾದ ಜೀವ. ಗೀತಾಳ ಕಣ್ಣು ಕೆಂಪಗಾಗಿತ್ತು. ರಮೇಶ ಮಗುವನ್ನು ಎತ್ತಿಕೊಂಡು ಹಾಲಿನಲ್ಲಿ ಸರಳುಗಳನ್ನು ದಾಟಿ ದಾಟಿ ಓಡಾಡಿದ. ನಾನೆಂದೆ, “ಜೋಲಿ ಕಟ್ಟೋಣ. ತೊಟ್ಟಿಲಿಗೆ ಹಾಕೋಕೆ ಶಾಸ್ತ್ರ ಬೇಕು, ಜೋಲಿಗೆ ಯಾವ ಶಾಸ್ತ್ರವೂ ಇಲ್ಲ.” ಇದು ಯಾವ ಪಂಚಾಂಗದಲ್ಲಿದೆ ಎಂದು ಕೇಳಬೇಡಿ. ನನಗೆ ಆಸೆಯಿತ್ತು.

ಜೋಲಿ ತೂಗುವುದೆಂದರೆ ನನಗೆ ವಿದ್ಯೆ. ನಿಜ ಹೇಳಬೇಕೆಂದರೆ ನಾನು ಕಲಿತ ವಿದ್ಯೆ ಅದೊಂದೇ. ಅಪ್ಪ ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲಿನ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಮನೆಯಲ್ಲಿ ವರ್ಷ ಬಿಟ್ಟು ವರ್ಷ ಒಂದು ಕೂಸು. ಮೂರನೆಯ ಕ್ಲಾಸು ಮುಗಿಯುತ್ತಿದ್ದಂತೆ ಅಮ್ಮ ನನ್ನನ್ನು ಶಾಲೆ ಬಿಡಿಸಿ ಜೋಲಿಯ ಹತ್ತಿರ ಕೂರಿಸಿದಳು. ಅದರ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ಎಳೆಯುತ್ತ, ಕೈಯಲ್ಲಿ ಅಕ್ಕಿ ಆರಿಸುತ್ತ, ಆರಿಸಿದ ಅಕ್ಕಿಯನ್ನು ಮೊರದಲ್ಲಿ ಹರಡಿ ಬೆರಳಿನಿಂದ ಅ, ಆ, ಇ, ಈ ಬರೆಯುತ್ತಿದ್ದೆ. ನಾನು ಇವತ್ತು ನಿಮಗೆ ಇಷ್ಟು ಬರೆಯುತ್ತಿರುವುದು ಆ ಮೊರದ ಪ್ರಸಾದ.

ಜೋಲಿ ಎಂದರೆ ಸೀರೆಯ ಎರಡೂ ತುದಿಯನ್ನು ಮೇಲೊಂದು ಕೊಂಡಿಗೆ ಕಟ್ಟಿ ಇಳಿಬಿಡುವುದು, ಅಷ್ಟೇ ಎಂದುಕೊಂಡಿದ್ದೀರಾ? ಹಾಗೆ ಬಿಟ್ಟರೆ ಎರಡು ಮಗ್ಗುಲೂ ಕೂಡಿಕೊಂಡು ಮಗುವನ್ನು ಕಡುಬಿನ ಹೂರಣದಂತೆ ಮುಚ್ಚಿಬಿಡುತ್ತವೆ. ಅದಕ್ಕೆ ಮಧ್ಯೆ ಒಂದು ಕೋಲು ಅಡ್ಡ ಕೊಟ್ಟು ಎರಡು ಮಗ್ಗುಲನ್ನೂ ದೂರ ದೂರ ಹಿಡಿಸಬೇಕು. ನಮ್ಮ ಮನೆಯಲ್ಲಿ ಆ ಕೋಲು ಅಪ್ಪನ ಹಳೆಯ ಹಸಿರು ಬಾವುಟದ್ದು. ರೈಲಿಗೆ ಹೊರಡು ಎಂದು ತೋರಿಸಿ ಸವೆದ ಕೋಲು, ನಮ್ಮನೆಯ ಕೂಸುಗಳಿಗೆ ಮಲಗು ಎಂದು ಹೇಳುತ್ತಿತ್ತು.

ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಮೊದಲಿದ್ದ ಗುಜರಾತಿ ಮನೆಯವರು ಜೂಲಾ ಎಂಬ ಉಯ್ಯಾಲೆ ತೂಗುಹಾಕಿದ್ದ ಕಬ್ಬಿಣದ ಕೊಂಡಿ ಒಂದು ಉಳಿದಿದೆ. ನನ್ನ ಹಳೆಯ ಇಳಕಲ್ ಸೀರೆ ಬಂತು, ಗಂಟೂ ಬಿತ್ತು. ಕೋಲು? ಈ ಮುಂಬಯಿಯಲ್ಲಿ ಒಂದು ಕೋಲಿಗೆ ಬಂದ ಬರಗಾಲ ನೋಡಿ. ಬಟ್ಟೆ ಒಣಹಾಕುವ ಬಿದಿರು ಬಾಗಿಲಿನಷ್ಟು ಉದ್ದ. ಪರದೆಯ ಸರಿಗೆ ನಾನು ಮುಟ್ಟಿದರೇ ಬಗ್ಗಿತು. ಪೊರಕೆಯ ಕೋಲು ತಂದು ತೋರಿಸಿದ ನಮ್ಮವರಿಗೆ ನಾನು ಏನೆಂದೆ ಎಂದು ಇಲ್ಲಿ ಬರೆಯುವುದಿಲ್ಲ.

ಗೀತಾ ಗೋಡೆಗೊರಗಿ ಕೂತಿದ್ದವಳು ಕೈಚಾಚಿ ಪೇಪರಿನ ಕಡೆ ತೋರಿಸಿದಳು. “ಅದು.”

ಎಲ್ಲರೂ ಆ ಕಡೆ ನೋಡಿದೆವು. ಎರಡೂ ಮಲಗಿದ್ದವು, ಕಪ್ಪು ಮತ್ತು ಬಿಳಿ.

“ಕಪ್ಪದು ಕಟ್ಟೋಣ” ಎಂದೆ. “ಹಸುಗೂಸಿನ ಹತ್ತಿರ ಕಬ್ಬಿಣ ಇರಬೇಕು, ದೃಷ್ಟಿ ತಾಗಲ್ಲ.”

“ಬೇಡ ಅತ್ತೆ. ಹಗುರದ್ದು. ಮಗು ತಲೆ ಮೇಲೆ ಇರೋದು.”

ಆಯಿತು. ಒಂದು ತಿಂಗಳು, ದಿನವೂ ಕಾಫಿ, ವೆಲ್ಡಿಂಗ್, ಮೂಗು ತಗ್ಗುವುದು, ಅದೆಲ್ಲವನ್ನೂ ಆ ಹುಡುಗಿ ಎರಡು ಮಾತಿನಲ್ಲಿ ಮುಗಿಸಿದಳು. ರಮೇಶ ಬಾಯಿ ತೆರೆದ, ಮಗು ಇನ್ನೂ ಜೋರಾಗಿ ಅತ್ತಿತು, ಬಾಯಿ ಮುಚ್ಚಿದ. ಸಿಂಗಾಪುರದ ಸರಳನ್ನು ಅವನೇ ತೊಳೆದು ಒರೆಸಿ ತಂದುಕೊಟ್ಟ. ಅದರ ಪಾದದ ತೂತುಗಳಿಗೆ ನನ್ನ ಲಂಗದ ಲಾಡಿ ಪೋಣಿಸಿ ಸೀರೆಗೆ ಬಿಗಿದೆ. ಎಷ್ಟು ಜಗ್ಗಿದರೂ ಜಾರಲಿಲ್ಲ. ಆ ತೂತುಗಳಿಂದ ಏನು ಉಪಯೋಗ ಎಂದು ನನಗೆ ಅವತ್ತು ತಿಳಿಯಿತು.

ಆದರೆ ಅಲ್ಯುಮಿನಿಯಂ ಕಬ್ಬಿಣವಲ್ಲವಲ್ಲ? ಅಮ್ಮ ಬಾಣಂತಿಯ ಕೋಣೆಯಲ್ಲಿ ಅಡಕತ್ತರಿ ಇಡುತ್ತಿದ್ದಳು. ಹರಿತವಾದದ್ದನ್ನು ಗೀತಾ ಹತ್ತಿರ ಸೇರಿಸುವುದಿಲ್ಲ. ಪೇಪರಿನ ಮೇಲೆ ನಟ್ಟುಗಳು ಸಾಲಾಗಿ ಕೂತಿದ್ದವು, ತೊಳೆದವು, ಮೊಂಡಾದವು, ಚಂದದವು. ಒಂದನ್ನು ಎತ್ತಿ, ಜೋಲಿಯ ಮೇಲ್ತುದಿಯಲ್ಲಿ, ಮಗುವಿನ ಕೈಗೆಂದೂ ಎಟುಕದ ಕಡೆ, ಸೆರಗಿನ ಮೂಲೆಗೆ ಸೇರಿಸಿ ಗಂಟು ಹಾಕಿದೆ. ಅಷ್ಟು ನಟ್ಟುಗಳಿವೆ, ಒಂದು ಹೋದರೆ ಏನು?

ಮಗುವನ್ನು ಮಲಗಿಸಿ ತೂಗಿದೆ. ಅಳು ಸಣ್ಣದಾಯಿತು, ಬಿಕ್ಕಾಯಿತು, ನಿಂತಿತು. ಮನೆಯಲ್ಲಿ ಫ್ಯಾನಿನ ಸದ್ದು ಕೇಳಿಸಿತು. ನಮ್ಮವರು ಪೇಪರನ್ನು ಮಡಿಸಲು ಹೋಗಿ, ಸದ್ದಾದೀತೆಂದು ಹಾಗೆಯೇ ಹಿಡಿದುಕೊಂಡು ಕೂತರು.

ಸಂಜೆ ಫ್ರಾನ್ಸಿಸ್ ನಟ್ಟು ತಿರುಗಿಸುವ ಪಾನಾಗಳ ಚೀಲ ಹೊತ್ತು ಬಂದ. ಮೊದಲು ಮಗುವನ್ನು ನೋಡಿ “ಎಷ್ಟು ಚಂದ ಉಂಟು!” ಎಂದ. ಆಮೇಲೆ ಮೇಲೆ ನೋಡಿದ. “ಅಯ್ಯೋ ದೇವರೇ, ಆಂಟಿ! ಅದು ನಮ್ಮ ಬ್ರೇಸ್!”

“ನಿಮ್ಮದಾಗಿತ್ತು” ಎಂದೆ.

“ಹೋಗ್ಲಿ, ಕಪ್ಪು ಹಾಕುವ. ನಾನು ಮೊದಲೇ ಹೇಳಿದ್ದೆ ಕಪ್ಪು ಅಂತ” ಎಂದು ಸಮಾಧಾನ ಮಾಡಿಕೊಂಡು ನಟ್ಟುಗಳನ್ನು ಆರಿಸತೊಡಗಿದ. “ಅರೆ, ಒಂದು ಕಮ್ಮಿ ಉಂಟಲ್ಲ ರಮೇಶ?”

ಇಬ್ಬರೂ ಸೋಫಾದ ಕೆಳಗೆ ತೂರಿದರು, ಕಪಾಟಿನ ಹಿಂದೆ ಬೆಂಕಿಕಡ್ಡಿ ಗೀರಿ ನೋಡಿದರು. ನಾನು ಜೋಲಿ ತೂಗುತ್ತಲೇ ಇದ್ದೆ. ಅದು ಆ ಕಾರಿಗೆಂದೇ ಬರುವ ನಟ್ಟಂತೆ, ಗಲ್ಲಿಯ ಅಂಗಡಿಯಲ್ಲಿ ಸಿಗುವುದು ಕೂರುವುದಿಲ್ಲವಂತೆ. ಅದಿಲ್ಲದೆ ಘಾಟಿ ಹತ್ತುವುದು ಸಾಧ್ಯವೇ ಇಲ್ಲವಂತೆ. ಇಷ್ಟನ್ನೂ ಅವರ ಬಾಯಿಂದ ಕೇಳಿದ ಮೇಲೆ ಹೇಳಿದೆ, “ಹುಡುಕಬೇಡಿ. ಅದು ನನ್ನ ಮೊಮ್ಮಗಳ ಹತ್ತಿರ ಇದೆ.”

“ಬೇಬಿ ನುಂಗಿತಾ?” ಎಂದು ಫ್ರಾನ್ಸಿಸ್ ಎದ್ದು ನಿಂತ.

“ಸಿಕ್ಕಿದ್ದೆಲ್ಲ ನುಂಗೋಕೆ ಅವಳೇನು ನಿಮ್ಮ ಕಾರಾ? ದೃಷ್ಟಿಗೆ ಅಂತ ಗಂಟು ಹಾಕಿದೀನಿ.”

“ಬೇರೆ ಕಬ್ಬಿಣ ಕೊಡ್ತೇನೆ ಮಾರಾಯ್ರೇ. ತಗೊಳ್ಳಿ, ಈ ಪಾನಾನೇ ಇಟ್ಕೊಳ್ಳಿ.”

“ಒಂದು ಸಲ ಇಟ್ಟದ್ದನ್ನ ನಾಮಕರಣದ ತನಕ ತೆಗೀಬಾರದು.”

“ಯಾರು ಹೇಳಿದ್ದು?”

“ನಮ್ಮಮ್ಮ.”

“ಅವರನ್ನೊಂದು ಮಾತು ಕೇಳ್ಲಿಕ್ಕೆ ಆಗ್ತದಾ?”

“ಮೇಲೆ ಹೋಗಿ ಕೇಳ್ಬೇಕು. ನಾಳೆ ಘಾಟಿ ಹತ್ತೋ ಹಾಗೆ ಹತ್ತಿದ್ರೆ ಬೇಗ ಸಿಗ್ತಾಳೆ.”

ಫ್ರಾನ್ಸಿಸ್ ಕೈಬಿಟ್ಟ. ರಮೇಶ ಮಾತ್ರ ಎದ್ದು ಜೋಲಿಯ ಹತ್ತಿರ ಬಂದ. ಗಂಟಿನ ಮೇಲೆ ಕೈ ಇಟ್ಟ. ಬಿಚ್ಚಲು ಎಷ್ಟು ಹೊತ್ತು? ನಾನು ತಡೆಯಲಿಲ್ಲ. ಅವನ ಮಗಳು, ಅವನ ನಟ್ಟು. ಗೀತಾ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಬಂದವರು ಅಷ್ಟು ಬಿಗಿಯಾಗಿ ಕಣ್ಣು ಮುಚ್ಚುವುದಿಲ್ಲ.

ಗಂಟು ಅಲುಗಿದ್ದಕ್ಕೆ ಜೋಲಿ ಅಲುಗಿತು. ಮಗು ತುಟಿ ಚಪ್ಪರಿಸಿ, ಒಂದು ಕೈಯನ್ನು ಬಟ್ಟೆಯಿಂದ ಹೊರಗೆ ತೆಗೆದು, ಗಾಳಿಯಲ್ಲಿ ಏನನ್ನೋ ಹಿಡಿಯಲು ನೋಡಿ, ಮತ್ತೆ ಮಲಗಿತು. ರಮೇಶ ಬಹಳ ಹೊತ್ತು ಬಗ್ಗಿ ನೋಡಿದ. ಒಂದು ತಿಂಗಳಿನಲ್ಲಿ ಆ ಸರಳನ್ನೂ ಅವನು ಅಷ್ಟು ಹತ್ತಿರದಿಂದ ನೋಡಿರಲಿಕ್ಕಿಲ್ಲ. ಕೈಯನ್ನು ಗಂಟಿನಿಂದ ಮೆಲ್ಲಗೆ ತೆಗೆದ.

“ಫ್ರಾನ್ಸಿಸ್, ನಾಳೆ ನೀನು ಹೋಗಿ ಬಾ. ನಾನು ಬರಲ್ಲ.”

“ನಟ್ಟು ನಾನು ಬೆಳಿಗ್ಗೆ ಎಲ್ಲಿಂದಾದ್ರೂ...”

“ನಟ್ಟಿಗಲ್ಲ ಕಣೋ.”

ಗೀತಾ ಕಣ್ಣು ತೆರೆದಳು. ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. “ಅತ್ತೆ, ಸಾರು ಆಗಿದ್ಯಾ? ಹಸಿವಾಗ್ತಿದೆ.”

ಮಗು ಹುಟ್ಟಿದ ಮೇಲೆ ಅವಳು ಬಾಯಿಬಿಟ್ಟು ಊಟ ಕೇಳಿದ್ದು ಅದೇ ಮೊದಲು. ನಾನು ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಸೆರಗಿನಿಂದ ಮುಖ ಒರೆಸಿಕೊಂಡೆ. ಮೆಣಸಿನ ಘಾಟು ಅನ್ನಿ.

ಹಾಲಿನಲ್ಲೇ ಜೋಲಿಯ ಸುತ್ತ ತಟ್ಟೆ ಹಾಕಿದೆ, ಸರಳುಗಳು ಮಲಗುತ್ತಿದ್ದ ಜಾಗದಲ್ಲಿಯೇ. ಗೀತಾಗೆ ಬಿಸಿ ಅನ್ನ, ಮೆಣಸಿನ ಸಾರು, ತುಪ್ಪ. ಉಳಿದವರಿಗೆ ಹಪ್ಪಳ, ಹುರುಳಿಕಾಯಿ ಪಲ್ಯ, ಶಾವಿಗೆ ಪಾಯಸ. ಫ್ರಾನ್ಸಿಸನನ್ನೂ ಹಿಡಿದು ಕೂರಿಸಿದೆ. ನಾಳೆ ಘಾಟಿ ಹತ್ತುವವನು ತುಂಬ ತಿನ್ನಬಾರದು ಎನ್ನುತ್ತಲೇ ಪಾಯಸವನ್ನು ಮೂರು ಸಲ ಹಾಕಿಸಿಕೊಂಡ. ಕಾರಿಗೆ ಮಾತ್ರ ಮೂಗಿನ ಭಾರದ ಲೆಕ್ಕ, ಇವನ ಹೊಟ್ಟೆಗೆ ಯಾವ ಲೆಕ್ಕವೂ ಇಲ್ಲ. ಜೋಲಿಯ ಹಗ್ಗ ತಟ್ಟೆಗಳ ಮೇಲೆ ಕೈಯಿಂದ ಕೈಗೆ ಹೋಗುತ್ತಿತ್ತು. ಬಲಗೈ ಊಟಕ್ಕೆ, ಎಡಗೈ ಮಗುವಿಗೆ. ನಮ್ಮವರು ಎಳೆದರೆ ಜೋಲಿ ಅಡ್ಡಾದಿಡ್ಡಿ, ಅವರಿಂದ ಕೂಡಲೇ ಕಿತ್ತುಕೊಂಡೆವು.

ರಮೇಶನ ಸರದಿ ಬಂತು. ಹದವಾಗಿ ತೂಗಿದ. ಆಮೇಲೆ ತುತ್ತು ಕೈಯಲ್ಲೇ ಉಳಿಯಿತು, ತಲೆ ಮೇಲೆತ್ತಿ ನೋಡುತ್ತ ಕೂತ.

“ನೋಡಮ್ಮ, ಎರಡು ಕಡೆಯಿಂದ ಒತ್ತುತ್ತಿದ್ರೂ ಒಂದು ಚೂರೂ ಬಗ್ಗಿಲ್ಲ.”

“ಸರಳನ್ನ ಏನು ನೋಡ್ತೀಯೋ, ಮಗೂನ ನೋಡೋ ಪೆದ್ದು.”

“ಎರಡನ್ನೂ ನೋಡ್ತಿದೀನಮ್ಮ” ಎಂದ.

ಹಗ್ಗ ಅವನ ಕೈಯಲ್ಲೇ ಇರಲಿ ಎಂದು ಬಿಟ್ಟು, ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.